ಇರಾಸಿಲ್ಡಾ ಕೇಳಿದ ಕೊಂಬೆ

ಬೆಲೆಂ ಊರಿನ ಉದ್ಯಾನದಲ್ಲಿ ಬೆಳ್ಳಕ್ಕಿಗಳಿಗೆ ಗೂಡು ಕಟ್ಟಲು ಬೇರೆ ಮರವೇ ಇರಲಿಲ್ಲವೇ? ಡೊರಾಲೀಸಿಯ ಎಳನೀರು ಗಾಡಿಯ ನೆತ್ತಿಯ ಮೇಲಿನ ಮಾವೇ ಬೇಕಿತ್ತೇ? ಕೊಳದ ಈಚೆ ದಡದಲ್ಲಿ, ಅಮ್ಮ ಬಿಟ್ಟುಹೋದ ಪಾತ್ರೆಯಲ್ಲೇ ತಕಕಾ ಎಂಬ ಸಿಗಡಿ ಸಾರು ಕಾಯಿಸಿ ಮಾರುವ ಇರಾಸಿಲ್ಡಾಳ ಹೊಟ್ಟೆಯೊಳಗೆ ಒಲೆಗಿಂತ ಹೆಚ್ಚು ಉರಿ. ಅವಳ ಗಂಡ ವಾಲ್ಡೊಮಿರು ಅಲ್ಲಿಯ ಮಾಲಿ. ಬಿಡುವು ಸಿಕ್ಕರೆ ಸಾಕು, ಆ ಮಾವಿನಡಿಯಲ್ಲಿ ಕತ್ತೆತ್ತಿ ನಿಂತಿರುತ್ತಿದ್ದ.

ಊಟಕ್ಕೆ ಕೂತರೂ ಅದೇ ಮಾತು.

"ಗಂಡು ಕಡ್ಡಿ ತಂದು ಹೆಣ್ಣಿನ ಕೊಕ್ಕಿಗೇ ಕೊಡುತ್ತೆ ಕಣೇ. ಅವಳು ಗೂಡಿಗೆ ಸಿಗಿಸ್ತಾಳೆ. ಅವಳು ಮೀನಿಗೆ ಹೋದ್ರೆ ಇವನೇ ಮೊಟ್ಟೆ ಮೇಲೆ ಕೂರ್ತಾನೆ! ಡೊರಾಲೀಸಿನೂ ನೋಡಿ ಬೆರಗಾದ್ಲು."

"ನೀನು ನಂಗೆ ಯಾವತ್ತು ಕಡ್ಡಿ ತಂದಿದೀಯ? ಒಲೆಗೂ ತಂದವನಲ್ಲ!"

ಅವನು ನಕ್ಕ. ಯಾರನ್ನು ನೆನೆದು ನಕ್ಕನೋ ಎಂದುಕೊಂಡು ಅವಳು ಅರ್ಧ ತಟ್ಟೆಗೇ ಎದ್ದಳು.

ಮರ ಸವರುವ ಜೆನೇಜಿಯು ಸಾರು ಕುಡಿಯಲು ಬಂದಾಗ ಬಟ್ಟಲಿಗೆ ಸಿಗಡಿ ಧಾರಾಳವಾಗಿಯೇ ಬಿತ್ತು.

"ಅಣ್ಣಾ, ಆ ಮರದಿಂದ ಹಕ್ಕಿ ಹಿಕ್ಕೆ ಸುರಿಯುತ್ತೆ, ಕೆಳಗೇ ಅವಳು ಎಳನೀರು ಕೊಚ್ತಾಳೆ. ಥೂ! ಏನಾದ್ರೂ ಮಾಡು. ನಂಗೊಂದು ಕೊಂಬೆ ಮುರಿದುಕೊಡು."

ಆ ಊರಲ್ಲಿ 'ಕೊಂಬೆ ಮುರಿದುಕೊಡು' ಎಂದರೆ ಒಂದು ಉಪಕಾರ ಮಾಡು ಎಂದಷ್ಟೇ. ಹೇಳುವವರಿಗೆ ಹೇಳಿ ಗಾಡಿ ಎತ್ತಿಸಲಿ ಎಂಬುದು ಅವಳ ಆಸೆ. ಆದರೆ ಗರಗಸ ಹಿಡಿದವನ ಮುಂದೆ ಆಡುವ ಮಾತೇ ಅದು?

"ಅಷ್ಟೇನಾ ಅಕ್ಕಾ? ನಾಳೆನೇ ಮುರಿದೆ ಅಂದ್ಕೋ," ಎಂದು ಅವನು ಬಾಯೊರೆಸಿಕೊಂಡು ಹೋದ. ಇರಾಸಿಲ್ಡಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ಗೂಡುಗಳ ಸಮೇತ ಕೊಂಬೆ ನೆಲಕ್ಕೆ ಬಿತ್ತು. ವಾಲ್ಡೊಮಿರು ಸತ್ತ ಮರಿಗಳನ್ನು ಟೋಪಿಯಲ್ಲಿ ತುಂಬಿಕೊಂಡು ಬಂದು ಹೆಂಡತಿಯ ಒಲೆಯ ಪಕ್ಕದಲ್ಲಿ ಕುಸಿದ.

"ಡೊರಾಲೀಸಿದೇ ಕೆಲಸ ಇದು. ಹಿಕ್ಕೆ ಕಾಟ ಅಂತ ದಿನಾ ಗೊಣಗ್ತಿದ್ಲು. ಇನ್ನು ಅವಳ ಮುಖ ನೋಡಿದ್ರೆ ಕೇಳು."

ಇರಾಸಿಲ್ಡಾ ಹಂಬಲಿಸಿದ್ದ ಮಾತು ಕೇಳದೆಯೇ ಬಂದಿತ್ತು. ಅವಳು ಅವನ ಬೆನ್ನು ಸವರಿದಳು. ಗಿರಾಕಿಗಳ ಎದುರಿಗೇ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅತ್ತ ಸಾರು ಉಕ್ಕಿ ಚೆಲ್ಲುತ್ತಿತ್ತು.

ಅವಳ ಒಂದೇ ಬಸಿರು ನಿಲ್ಲದೆ ಹೋದ ದಿನ ಇದೇ ಮನುಷ್ಯ ಆಸ್ಪತ್ರೆಯ ಬಾಗಿಲಲ್ಲಿ ಸಿಗರೇಟು ಸೇದುತ್ತ ನಿಂತಿದ್ದ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಇರಾಸಿಲ್ಡಾಳ ಕೈ ಅವನ ಬೆನ್ನ ಮೇಲೆಯೇ ನಿಂತುಹೋಯಿತು. ಡೊರಾಲೀಸಿಯ ಮೇಲೂ ಬಾರದಷ್ಟು ಹೊಟ್ಟೆಕಿಚ್ಚು ಅವಳಿಗೆ ಆ ಟೋಪಿಯೊಳಗಿನ ಬಿಳಿ ತುಪ್ಪುಳದ ಮೇಲೆ ಬಂತು.