ಕೆರೆ ಏರಿಯ ಇಳಿಜಾರಿನಲ್ಲಿ ಲಕ್ಕಪ್ಪ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹೊರಗೆ, ಜಟಕಾಗಳ ಸಾಲು ಮುಗಿಯುವ ಕಡೆ ಒಂದು ಹಳೆಯ ಮೋಟಾರು ಕಾರು ನಿಂತಿರುತ್ತಿತ್ತು. ಮೇಲೆ ಕ್ಯಾನ್ವಾಸಿನ ಮುಚ್ಚಿಗೆ, ಪಕ್ಕಗಳಿಗೆ ಗುಂಡಿ ಹಾಕಿ ಬಿಗಿಯುವ ಪರದೆ, ಮುಂದೆ ಹಿಡಿ ಹಾಕಿ ತಿರುಗಿಸಿದರೆ ಕೆಮ್ಮಿ ಕೆಮ್ಮಿ ಏಳುವ ಎಂಜಿನ್ನು. ಯಾರೋ ಕಾಫಿ ತೋಟದ ದೊರೆ ಓಡಿಸಿ ಸಾಕಾಗಿ ಬಿಟ್ಟದ್ದನ್ನು ಬೇಲೂರಿನ ಗಂಗಾಧರಪ್ಪನವರು ಕೊಂಡು ಬಾಡಿಗೆಗೆ ಬಿಟ್ಟಿದ್ದರು. ರೈಲಿಳಿದವರನ್ನು ಜಾವಗಲ್ಲು, ಹಳೇಬೀಡಿನ ಮೇಲೆ ಬೇಲೂರಿಗೆ ಮುಟ್ಟಿಸುವುದು ಅದರ ಕೆಲಸ. ಓಡಿಸುತ್ತಿದ್ದವನು ಲಕ್ಕಪ್ಪ.

ಲಕ್ಕಪ್ಪ ಗೆಂಡೆಹಳ್ಳಿಯವನು. ಅಪ್ಪ ರಾಗಿ ಹೊಲ ಉಳುತ್ತಿದ್ದ. ಇವನಿಗೆ ಮಾತ್ರ ಚಿಕ್ಕಂದಿನಿಂದ ಗಾಲಿಯ ಹುಚ್ಚು. ತೋಟದ ದೊರೆಗಳ ಕಾರು ತೊಳೆಯುತ್ತ ಸೇರಿಕೊಂಡವನು ಚಕ್ರ ಹಿಡಿಯುವುದನ್ನು ಕಲಿತ. ಬೇಲೂರಿನಲ್ಲಿ ಒಂದು ಸಣ್ಣ ಮನೆ ಹಿಡಿದು ಹೆಂಡತಿ ಕೆಂಪಲಕ್ಷ್ಮಮ್ಮನನ್ನು ಕರೆತಂದ. ಖಾಕಿ ಕೋಟು ಹಾಕಿಕೊಂಡು ಪೇಟೆ ಬೀದಿಯಲ್ಲಿ ನಡೆದರೆ ಅಂಗಡಿಯವರು ಕೂಗಿ ಮಾತಾಡಿಸುತ್ತಿದ್ದರು.

ಅವನ ಹೆಸರು ನಿಂತಿದ್ದದ್ದು ಮಳೆಗಾಲದಲ್ಲಿ. ಬೇಸಗೆಯಲ್ಲಿ ಯಾರು ಬೇಕಾದರೂ ಓಡಿಸಬಹುದು, ಮಳೆ ಹಿಡಿದರೆ ಹಳೆಯ ಗಾಡಿಯ ಗುಣವೇ ಬೇರೆ ಎನ್ನುತ್ತಿದ್ದ. ಕಾರಿನ ಮುಂಗಾಜಿಗೆ ಹೊಗೆಸೊಪ್ಪು ಉಜ್ಜುತ್ತಿದ್ದ, ನೀರು ನಿಲ್ಲದೆ ಜಾರಲಿ ಎಂದು. ಜೇಡಿಮಣ್ಣಿನ ದಾರಿ ಬಂದರೆ ಹಿಂದಿನ ಗಾಲಿಗಳಿಗೆ ದಪ್ಪ ಹಗ್ಗ ಸುತ್ತುತ್ತಿದ್ದ. ಹಳ್ಳ ಹರಿಯುತ್ತಿದ್ದರೆ ಮೊದಲು ತಾನು ಇಳಿದು ಪಂಚೆ ಎತ್ತಿ ಕಟ್ಟಿ ಆಳ ನೋಡುತ್ತಿದ್ದ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಒಂದಷ್ಟು ದೂರ ಹೋಗುತ್ತಿದ್ದ. "ಬ್ರೇಕು ನೀರು ಕುಡಿದೈತೆ, ಒಣಗ್ಬೇಕು. ಒಣಗದೆ ಇಳಿಜಾರಿಗೆ ಬಿಟ್ರೆ ಅದು ನನ್ ಮಾತೂ ಕೇಳಾಕಿಲ್ಲ, ನಿಮ್ ಮಾತೂ ಕೇಳಾಕಿಲ್ಲ" ಎಂದು ಕೂತವರಿಗೆ ಹೇಳುತ್ತಿದ್ದ. ಹೀಗೆ ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಜಂಬವಿರುತ್ತಿತ್ತು. ಇದ್ದರೂ ಯಾರಿಗೂ ತಪ್ಪೆನಿಸುತ್ತಿರಲಿಲ್ಲ.

ಆ ವರ್ಷ ಭಾದ್ರಪದದ ಉಬ್ಬೆ ಮಳೆ ಬಿಡದೆ ಹಿಡಿಯಿತು. ಒಂದು ಮಧ್ಯಾಹ್ನ ರೈಲು ತಡವಾಗಿ ಬಂತು. ಕಾರಿಗೆ ನಾಲ್ವರು ಹತ್ತಿದರು. ಹಿಂದೆ ಅರಸೀಕೆರೆಯ ಜಾನಕಮ್ಮ ಮತ್ತು ಅವರ ಮಗಳು ವಿಶಾಲಮ್ಮ. ವಿಶಾಲಮ್ಮ ಬಾಣಂತನ ಮುಗಿಸಿ ಎಳೆ ಹೆಣ್ಣುಕೂಸನ್ನು ಎತ್ತಿಕೊಂಡು ಬೇಲೂರಿನ ಗಂಡನ ಮನೆಗೆ ಹೊರಟಿದ್ದಳು. ಅವರ ಪಕ್ಕದಲ್ಲಿ ಮಡಿಲ ತುಂಬ ಗಂಟು ಇಟ್ಟುಕೊಂಡು, ಮುಂದೆ ಎರಚಲಿಗೆ ಗಂಟು ನೆನೆಯುತ್ತದೆಂದು ಮೊದಲೇ ಹಿಂದೆ ಹತ್ತಿ ಕೂತಿದ್ದ ಹಳೇಬೀಡಿನ ಕರಿಬಸವಯ್ಯ ಮೇಷ್ಟ್ರು. ಮುಂದೆ, ಲಕ್ಕಪ್ಪನ ಎಡಕ್ಕೆ, ಮಾದಿಹಳ್ಳಿಯ ರುದ್ರಮ್ಮ. ಗಂಡ ತೀರಿಕೊಂಡ ಮೇಲೆ ಗದ್ದೆ, ತೆಂಗು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಡ್ರೈವರಿನ ಪಕ್ಕ ಹೆಂಗಸು ಹೇಗೆ ಕೂರುವುದೆಂದು ಜಾನಕಮ್ಮ ಅನುಮಾನಿಸಿದಾಗ, "ನನ್ ಮಗನ ವಯಸ್ಸಿನೋನು ಬಿಡಿ, ನಾನ್ ಕೂತ್ಕತ್ತೀನಿ" ಎಂದು ಸೆರಗು ಬಿಗಿದು ಹತ್ತಿದ್ದಳು.

ದಾರಿಯಲ್ಲಿ ರುದ್ರಮ್ಮ ಎಲ್ಲವನ್ನೂ ಕೇಳಿದಳು. ಗಾಡಿ ಹೊಡೆದು ಅಭ್ಯಾಸವಿದ್ದ ಅವಳಿಗೆ ಎತ್ತಿಲ್ಲದೆ ಗಾಲಿ ಉರುಳುವುದೇ ಸೋಜಿಗ.

"ಇದೇನಪ್ಪಾ, ನಡುಮಧ್ಯ ಈ ಕೋಲು?"

"ಕೈಬ್ರೇಕು ಕಣಮ್ಮಾ. ಕಾಲಿಂದು ಕೈಕೊಟ್ರೆ ಇದನ್ನ ಎಳೀಬೇಕು. ಇದರ ಪಟ್ಟಿ ಬ್ಯಾರೆ, ಮ್ಯಾಲೈತೆ, ನೀರು ತಾಕಾಕಿಲ್ಲ."

"ಕೈಕೊಡ್ತದಾ?"

"ನಾನಿರೋವಾಗ ಕೊಡಾಕಿಲ್ಲ" ಎಂದು ಲಕ್ಕಪ್ಪ ನಕ್ಕ.

ಜಾವಗಲ್ಲು ದಾಟಿದ ಮೇಲೆ ಒಂದು ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಲಕ್ಕಪ್ಪ ಇಳಿದು ಆಳ ನೋಡಿದ. ಮೊಣಕಾಲಿಗೂ ಇರಲಿಲ್ಲ. ನಿಧಾನವಾಗಿ ದಾಟಿಸಿದ. ಆಚೆ ದಡ ಹತ್ತಿ ಬ್ರೇಕು ಒತ್ತಿಕೊಂಡು ತೆವಳುತ್ತಿದ್ದಾಗ ಹಿಂದಿನಿಂದ ಮೇಷ್ಟ್ರು ಚಡಪಡಿಸಿದರು.

"ಏನಪ್ಪಾ ಲಕ್ಕಪ್ಪ, ಇದಕ್ಕಿಂತ ನಡ್ಕೊಂಡು ಹೋಗಿದ್ರೆ ಬೇಗ ಹೋಗ್ತಿದ್ದೆ. ನಿನ್ನ ಕೈ ನಿಧಾನ ಆಗೋಯ್ತು. ಮೊನ್ನೆ ಬಸ್ಸಿನೋನು ಇದೇ ದಾರೀಲಿ ಹೆಂಗೆ ಬಿಟ್ಟ ಗೊತ್ತಾ!"

ಬಸ್ಸಿನವನ ಹೆಸರೆತ್ತಿದ್ದು ಲಕ್ಕಪ್ಪನಿಗೆ ಚುರುಕ್ಕೆಂದಿತು. ಬ್ರೇಕಿನಿಂದ ಕಾಲು ತೆಗೆದು ಕಾರನ್ನು ಬಿಟ್ಟ. ಮೇಷ್ಟ್ರು, "ಹಾಂ, ಹಂಗೆ!" ಎಂದರು. ಲಕ್ಕಪ್ಪನಿಗೆ ಹಿತವಾಯಿತು.

ಹಳೇಬೀಡಿಗೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಇಳಿಜಾರಾಗಿ ಬಂದು ಒಂದು ಚಿಕ್ಕ ಕೆರೆಯ ಏರಿಯ ಮೇಲೆ ತಿರುಗುತ್ತದೆ. ಮಳೆಗೆ ಜೇಡಿಮಣ್ಣು ಬೆಣ್ಣೆಯಂತಾಗಿತ್ತು. ಗಾಲಿಗೆ ಹಗ್ಗ ಸುತ್ತಬೇಕಾಗಿತ್ತು. ಸುತ್ತಿರಲಿಲ್ಲ. ತಿರುವು ಕಂಡು ಲಕ್ಕಪ್ಪ ಬ್ರೇಕು ತುಳಿದ. ಕಾಲು ತಳ ಮುಟ್ಟಿತು, ಕಾರು ನಿಲ್ಲಲಿಲ್ಲ. ಮತ್ತೆ ತುಳಿದ. ಹಿಂಭಾಗ ಪಕ್ಕಕ್ಕೆ ಸರಿಯಿತು. ಮುಂಗಾಜಿನ ಆಚೆ ತುಂಬಿದ ಕೆರೆಯ ಕೆಂಪು ನೀರು ಓರೆಯಾಗಿ ಮೇಲೇಳುತ್ತ ಬಂತು.

ಆಗ ಲಕ್ಕಪ್ಪ ತನ್ನ ಬಾಗಿಲು ತೆರೆದು ಹಾರಿದ.

ಕೆಸರಿನಲ್ಲಿ ಬಿದ್ದು ಉರುಳಿ ತಲೆಯೆತ್ತಿದಾಗ ಕಾರು ಅವನಿಲ್ಲದೆ ಇಳಿಯುತ್ತಿತ್ತು. ಒಳಗೆ ಕೂಸು ಅಳುತ್ತಿತ್ತು. ಕಾರು ಒಮ್ಮೆ ಮುಗ್ಗರಿಸಿದಂತಾಗಿ, ಅರ್ಧ ತಿರುಗಿ, ಏರಿಯ ಅಂಚಿನ ಲಂಟಾನ ಪೊದೆಗೆ ಮೂತಿ ಹಾಕಿ ನಿಂತಿತು. ಮುಂದಿನ ಒಂದು ಗಾಲಿ ನೀರಿನ ಮೇಲೆ ಸುಮ್ಮನೆ ತಿರುಗುತ್ತಿತ್ತು.

ಲಕ್ಕಪ್ಪ ಓಡಿದ. ಏನು ಮಾಡುತ್ತಿದ್ದೇನೆಂದು ತಿಳಿಯದೆ ಏರಿಯ ಒಂದು ಕಲ್ಲನ್ನು ಕಿತ್ತು ಹಿಂದಿನ ಗಾಲಿಗೆ ಒತ್ತುಕೊಟ್ಟ. ಅದೇ ಹೊತ್ತಿಗೆ ಕರಿಬಸವಯ್ಯ ಮೇಷ್ಟ್ರು ಪರದೆಯ ಗುಂಡಿ ಕಿತ್ತು ಹೊರಗೆ ತಲೆ ಹಾಕಿದರು. ಕಂಡದ್ದು, ಮೈಯೆಲ್ಲ ಕೆಸರಾಗಿ ಗಾಲಿಯ ಕೆಳಗೆ ಕಲ್ಲು ತುರುಕುತ್ತಿದ್ದ ಲಕ್ಕಪ್ಪ.

"ಅಯ್ಯೋ ಪುಣ್ಯಾತ್ಮ! ಜೀವ ಲೆಕ್ಕಿಸದೆ ಹಾರಿ ಕಲ್ಲು ಕೊಟ್ಟೆಯಲ್ಲೋ!"

ಹಿಂದೆ ಕೂತವರಿಗೆ ಅವನು ಹಾರಿದ್ದಷ್ಟೇ ಗೊತ್ತು; ಪರದೆ ಮುಚ್ಚಿದ್ದರಿಂದ ಹೊರಗಿನದೂ, ಮುಂದಿನ ಸೀಟಿನ ಮರೆಯಲ್ಲಿ ನಡೆದದ್ದೂ ಕಂಡಿರಲಿಲ್ಲ. ಜಾನಕಮ್ಮ ಇಳಿದವರೇ ಕೈ ಮುಗಿದರು. ರುದ್ರಮ್ಮ ಮಾತ್ರ ಇನ್ನೂ ಮುಂದಿನ ಸೀಟಿನಲ್ಲೇ ಕೂತಿದ್ದಳು. ಎರಡು ಕೈಯಲ್ಲೂ ಕೈಬ್ರೇಕಿನ ಕೋಲನ್ನು ಎದೆಗೆ ಎಳೆದು ಹಿಡಿದಿದ್ದಳು. ಲಕ್ಕಪ್ಪ ಬಂದು, "ಬಿಡೀಮ್ಮಾ, ಕಲ್ಲು ಕೊಟ್ಟಿವ್ನಿ" ಎಂದಾಗ ಅವನ ಮುಖವನ್ನು ಒಂದು ಸಲ ನೋಡಿ ಕೈ ಸಡಿಲಿಸಿದಳು.

ಹತ್ತಿರದ ಗದ್ದೆಯವರು ಬಂದು ಕಾರನ್ನು ಹಿಂದಕ್ಕೆಳೆದರು. ಅಷ್ಟರೊಳಗೆ ಮೇಷ್ಟ್ರು ಕತೆಯನ್ನು ಮೂರು ಸಲ ಹೇಳಿ ಆಗಿತ್ತು. ಲಕ್ಕಪ್ಪ ಬಾಯಿ ತೆರೆಯಲು ನೋಡಿದ. ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು. ಬಾಯಿ ಮುಚ್ಚಿಕೊಂಡ.

ಬೇಲೂರಿಗೆ ಕತೆ ಅವನಿಗಿಂತ ಮೊದಲೇ ಹೋಗಿ ಕೂತಂತಿತ್ತು. ಗಂಗಾಧರಪ್ಪನವರು ಅಂಗಡಿಯ ಮುಂದೆ ನಾಲ್ಕು ಜನರನ್ನು ನಿಲ್ಲಿಸಿಕೊಂಡು, "ನನ್ ಡ್ರೈವರು ಅಂದ್ರೆ ಏನ್ ತಿಳ್ಕಂಡಿದ್ದೀರ" ಎಂದರು. ಕಾಫಿ ಹೋಟೆಲಿನವನು ಎರಡನೆಯ ಲೋಟ ತಂದಿಟ್ಟ. ಮನೆಯಲ್ಲಿ ಕೆಂಪಲಕ್ಷ್ಮಮ್ಮ ತರಚಿದ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುತ್ತ, "ಇನ್ಮ್ಯಾಲೆ ಹಿಂಗೆಲ್ಲ ಹಾರ್ಬ್ಯಾಡಿ. ನಿಮ್ಗೇನಾರ ಆದ್ರೆ ನನ್ ಗತಿಯೇನು" ಎಂದು ಕಣ್ಣೊರೆಸಿಕೊಂಡಳು. ಲಕ್ಕಪ್ಪ ಕಾಲು ಎಳೆದುಕೊಂಡ.

"ಉರೀತೈತಾ?"

"ಹೂಂ" ಎಂದ.

ಅವನು ಪೇಟೆ ಬೀದಿ ಬಿಟ್ಟು ಹಿತ್ತಿಲ ದಾರಿಯಲ್ಲಿ ಓಡಾಡತೊಡಗಿದ. ಯಾರಾದರೂ ಹೊಗಳಿದರೆ ಬೈದಂತೆ ತಲೆ ತಗ್ಗಿಸುತ್ತಿದ್ದ. ಜನ ಅದನ್ನೂ ವಿನಯವೆಂದು ಹೊಗಳಿದರು. ಕೂಸು ಅತ್ತ ಸದ್ದು ಕಿವಿಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಹಾರುವಾಗ ತನಗೆ ಆ ಕೂಸಿನ ನೆನಪೇ ಬಂದಿರಲಿಲ್ಲ ಎಂಬುದು. ಕೈಬ್ರೇಕಿನ ನೆನಪೂ ಬಂದಿರಲಿಲ್ಲ. ಪರರಿಗೆ ಪಾಠ ಹೇಳಿದ್ದ ಬಾಯಿ, ತನ್ನ ಕೈಗೆ ಒಂದು ಮಾತು ಹೇಳಿರಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ಜಾನಕಮ್ಮ, ವಿಶಾಲಮ್ಮ ಇಬ್ಬರೂ ಅವನ ಮನೆಗೆ ಬಂದರು. ತಟ್ಟೆಯಲ್ಲಿ ಹಣ್ಣು, ಎಲೆಯಡಿಕೆ, ಒಂದು ಪಂಚೆ. ಓಣಿಯ ಹೆಂಗಸರು ಬಾಗಿಲಲ್ಲಿ ಕೂಡಿದರು. ಕೆಂಪಲಕ್ಷ್ಮಮ್ಮ ಹೆಮ್ಮೆಯಿಂದ ಚಾಪೆ ಹಾಸಿದಳು.

"ಕೂತ್ಕೋಪ್ಪ" ಎಂದರು ಜಾನಕಮ್ಮ. "ನಿನ್ನಿಂದ ಉಳಿದ ಜೀವ ಇದು. ಒಂದು ಸಲ ನಿನ್ನ ಮಡಿಲಲ್ಲಿ ಹಾಕಿ ಕರ್ಕೊಂಡು ಹೋಗ್ತೀವಿ."

ವಿಶಾಲಮ್ಮ ಬಗ್ಗಿ ಕೂಸನ್ನು ಚಾಚಿದಳು. ಲಕ್ಕಪ್ಪನ ಕೈ ಮೇಲೇಳಲಿಲ್ಲ.

"ತಗೊಳ್ರೀ" ಎಂದು ಕೆಂಪಲಕ್ಷ್ಮಮ್ಮ ಪಿಸುಗುಟ್ಟಿದಳು.

"ಬ್ಯಾಡ ಕಣಮ್ಮಾ, ಹಾಕ್ಬ್ಯಾಡಿ" ಎಂದ ಲಕ್ಕಪ್ಪ. "ನಾನು ಉಳಿಸ್ಲಿಲ್ಲ. ನಾನು ಬಿಟ್ಟು ಹಾರ್ಬಿಟ್ಟೆ. ಜೀವ ಹೆದರ್ತು, ಹಾರ್ದೆ. ಗಾಡಿ ನಿಲ್ಲಿಸಿದ್ದು ಮಾದಿಹಳ್ಳಿ ರುದ್ರಮ್ಮ. ಗಾಡಿ ನಿಂತ್ ಮ್ಯಾಲೆ ನಾನು ಬಂದು ಕಲ್ಲು ಕೊಟ್ಟೆ."

ವಿಶಾಲಮ್ಮ ಚಾಚಿದ್ದ ಕೂಸನ್ನು ನಿಧಾನವಾಗಿ ಎದೆಗೆ ಒತ್ತಿಕೊಂಡಳು. ಅವನು ಈಗಷ್ಟೇ ಅದನ್ನು ಕಿತ್ತುಕೊಳ್ಳಲು ಬಂದವನೇನೋ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದಳು.

ಜಾನಕಮ್ಮ ತಟ್ಟೆಯನ್ನು ನೆಲಕ್ಕಿಟ್ಟು, "ಇದನ್ನ ಅವತ್ತೇ ಹೇಳ್ಬಾರದಿತ್ತೇನಪ್ಪ?" ಎಂದರು. ಸಿಟ್ಟಿನಿಂದ ಅಂದಿದ್ದರೆ ಲಕ್ಕಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ತಟ್ಟೆಯನ್ನು ಅಲ್ಲೇ ಬಿಟ್ಟು ಮಗಳ ಭುಜ ಹಿಡಿದು ಹೊರಟರು. ಓಣಿಯ ಹೆಂಗಸರು ದಾರಿ ಬಿಟ್ಟರು. ಕೆಂಪಲಕ್ಷ್ಮಮ್ಮ ಆ ಹಣ್ಣನ್ನು ಮುಟ್ಟಲಿಲ್ಲ. ಸಂಜೆಯವರೆಗೆ ಗಂಡನ ಮುಖವನ್ನೂ ನೋಡಲಿಲ್ಲ.

ಮರುದಿನ ಲಕ್ಕಪ್ಪ ಮಾದಿಹಳ್ಳಿಗೆ ನಡೆದು ಹೋದ. ರುದ್ರಮ್ಮ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಇವನು ಹೊಸಿಲ ಹೊರಗೇ ನಿಂತ.

"ಎಲ್ಲಾ ಹೇಳ್ಬಿಟ್ಟೆ ಕಣಮ್ಮಾ. ಅವ್ರ ಮುಂದೆ."

"ಕೇಳ್ದೆ. ಸಂತೆಗೆ ಹೋಗಿದ್ದೋರು ಬಂದು ಹೇಳಿದ್ರು."

"ನೀವ್ಯಾಕೆ ಅವತ್ತೇ ಹೇಳ್ಲಿಲ್ಲ? ಎಲ್ರೂ ನನ್ನ ಹೊಗಳ್ತಿದ್ರು. ನೀವು ಸುಮ್ಕೆ ಕೂತಿದ್ರಿ."

ರುದ್ರಮ್ಮ ಹುಲ್ಲಿನ ಹೊರೆ ಇಳಿಸಿ ಕೈ ಒರೆಸಿಕೊಂಡಳು. "ಏನಂತ ಹೇಳ್ಲಪ್ಪ? ನೀನು ಹಾರ್ದಾಗ ನಾನೂ ನನ್ ಕಡೆ ಬಾಗಿಲ ಹಿಡಿ ಹಿಡ್ಕಂಡಿದ್ದೆ. ತಿರುಗಿಸಕ್ಕೆ ಬರ್ಲಿಲ್ಲ. ಬಂದಿದ್ರೆ ನಾನೂ ಹಾರ್ತಿದ್ದೆ. ಬಾಗಿಲು ತೆಗೀನಿಲ್ಲ ಅಂತ ಕೈಗೆ ಸಿಕ್ಕಿದ್ದನ್ನ ಎಳ್ದೆ. ಹಿಂದ್ಗಡೆ ಕೂಸೈತೆ ಅನ್ನೋದು ನಂಗೂ ಆಮ್ಯಾಲೇ ನೆನಪಾಗಿದ್ದು." ಅವಳ ದನಿ ಕುಗ್ಗಿತು. "ಈಗ ಜಾನಕಮ್ಮ ನಂಗೂ ಹಣ್ಣು ಕಳ್ಸವ್ರೆ. ಒಳಗೈತೆ. ಯಾರಿಗೂ ಕೊಟ್ಟಿಲ್ಲ, ತಿಂದಿಲ್ಲ."

ಅವಳು ಉಳಿದ ಹುಲ್ಲನ್ನು ಹಸುವಿನ ಮುಂದೆ ಸರಿಸಿದಳು. "ಮಜ್ಜಿಗೆ ಕುಡೀತೀಯಾ?" ಎಂದಳು ರುದ್ರಮ್ಮ. ಅವನು ಕುಡಿದು ಹೊರಟ.

ಗಂಗಾಧರಪ್ಪನವರು ಬಾಯಿಗೆ ಬಂದಂತೆ ಬೈದರು, ಕೆಲಸದಿಂದ ತೆಗೆಯಲಿಲ್ಲ. ಆ ಕಾರನ್ನು ಮಳೆಯಲ್ಲಿ ಎಬ್ಬಿಸಬಲ್ಲವರು ಬೇರೆ ಯಾರೂ ಇರಲಿಲ್ಲ. ಕೆಲವು ತಿಂಗಳು ಜನ ಹತ್ತಲು ಅಳುಕಿದರು. ಸ್ಟೇಷನ್ನಿನಲ್ಲಿ ಜಟಕಾದವರು "ಹಾರೋ ಲಕ್ಕಪ್ಪ ಬಂದ ನೋಡ್ಲಾ" ಎಂದು ಕೂಗುತ್ತಿದ್ದರು. ಅವನು ಬಗ್ಗಿ ಎಂಜಿನ್ನಿಗೆ ಹಿಡಿ ಹಾಕುತ್ತಿದ್ದ. ಕರಿಬಸವಯ್ಯ ಮೇಷ್ಟ್ರಿಗೆ ತಾವು ಅವಸರ ಮಾಡಿದ್ದು ನೆನಪಿತ್ತು. ದಾರಿಯಲ್ಲಿ ಸಿಕ್ಕರೆ ಮಾತಿಗೆ ನಿಲ್ಲದೆ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಹೋಗುತ್ತಿದ್ದರು.

ಲಕ್ಕಪ್ಪನ ಮಾತು ಕಡಿಮೆಯಾಯಿತು. ಮಳೆಯ ಪಾಠವನ್ನು ಈಗ ಯಾರಿಗೂ ಹೇಳುತ್ತಿರಲಿಲ್ಲ, ಮಾಡುತ್ತಿದ್ದ, ಅಷ್ಟೆ. ಮೋಡ ಕಂಡರೆ ಹೊರಡುವ ಮೊದಲೇ ಗಾಲಿಗೆ ಹಗ್ಗ ಸುತ್ತುತ್ತಿದ್ದ. ಹಳ್ಳ ದಾಟಿದ ಮೇಲೆ ಯಾರು ಎಷ್ಟು ಅವಸರ ಮಾಡಿದರೂ ತೆವಳಿಸಿಕೊಂಡೇ ಹೋಗುತ್ತಿದ್ದ. ಇಳಿಜಾರಿನ ನೆತ್ತಿಯಲ್ಲಿ ಪೂರ್ತಿ ನಿಲ್ಲಿಸಿ, ಕಾಲಿನ ಬ್ರೇಕು, ಕೈಬ್ರೇಕು ಎರಡನ್ನೂ ನೋಡಿ ಆಮೇಲೆ ಬಿಡುತ್ತಿದ್ದ. ರೈಲು ತಪ್ಪಿಸಿಕೊಂಡವರು ಶಪಿಸಿದರೆ ಕೇಳಿಸಿಕೊಳ್ಳುತ್ತಿದ್ದ.

ವಿಶಾಲಮ್ಮ ತವರಿಗೆ ಹೋಗಿ ಬರಲು ಅವನ ಕಾರನ್ನೇ ಹತ್ತಬೇಕಾಗುತ್ತಿತ್ತು. ಬಸ್ಸಿನ ಹೊಗೆ ಅವಳಿಗೆ ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳು ಅವನೊಡನೆ ಮಾತಾಡುತ್ತಿರಲಿಲ್ಲ. ಮಳೆಯ ದಿನ ಅರಸೀಕೆರೆಯಿಂದ ವಾಪಸು ಬರುವಾಗ ಆ ಕೆರೆಯ ಇಳಿಜಾರಿನ ನೆತ್ತಿಗೆ ಬಂದೊಡನೆ, "ನಿಲ್ಸಿ" ಎನ್ನುತ್ತಿದ್ದಳು. ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದು, ಕೆಸರಿನಲ್ಲಿ ನಡೆದೇ ಏರಿಗೆ ಬರುತ್ತಿದ್ದಳು. ಲಕ್ಕಪ್ಪ ಖಾಲಿ ಕಾರನ್ನು ಇಳಿಸಿ, ಕೆಳಗೆ ಬಾಗಿಲು ತೆರೆದು ಹಿಡಿದು ಮಳೆಯಲ್ಲಿ ನಿಂತಿರುತ್ತಿದ್ದ. ಹಗಲಲ್ಲಿ, ಒಣ ನೆಲದಲ್ಲಿ ಅವಳು ಇಳಿಯುತ್ತಿರಲಿಲ್ಲ. ಅಷ್ಟು ನಂಬಿಕೆ ಉಳಿದದ್ದೇ ದೊಡ್ಡದೆಂದು ಅವನು ಹೆಂಡತಿಯ ಹತ್ತಿರ ಒಂದು ಸಲ ಅಂದನಂತೆ.

ಮಗು ದೊಡ್ಡದಾಯಿತು. ಯುದ್ಧ ಬಂದು ಪೆಟ್ರೋಲು ಸಿಗುವುದು ಕಷ್ಟವಾಗಿದ್ದ ವರ್ಷ, ಒಂದು ಜಡಿಮಳೆಯಲ್ಲಿ, ವಿಶಾಲಮ್ಮ ಎಂದಿನಂತೆ ಇಳಿದಾಗ ಹುಡುಗಿ ಸೀಟು ಹಿಡಿದುಕೊಂಡು ಹಟ ಮಾಡಿತು.

"ನಾನು ಇಳಿಯಲ್ಲ. ಕೆಸರು. ನಾನು ಕಾರಲ್ಲೇ ಬರ್ತೀನಿ."

ವಿಶಾಲಮ್ಮ ಮಳೆಯಲ್ಲಿ ನಿಂತು ಅಷ್ಟು ವರ್ಷಗಳಲ್ಲಿ ಮೊದಲ ಸಲ ಲಕ್ಕಪ್ಪನ ಮುಖ ನೋಡಿದಳು. ಮಗು ಇರಲಿ, ನಾನು ಹುಷಾರಾಗಿ ಇಳಿಸುತ್ತೇನೆ ಎಂದು ಅವನು ಹೇಳಲಿ ಎಂದು ಕಾದಳೋ ಏನೋ. ಲಕ್ಕಪ್ಪ ಇಳಿದು ಬಂದು ಹಿಂದಿನ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆದ.

"ಇಳ್ಕವ್ವಾ" ಎಂದ. "ನಿಮ್ಮವ್ವ ಹೇಳ್ದಂಗೆ ಕೇಳು."