ಬಾಗಿಲ ಮೇಲಿನ ಗೀರಿಗೆ ಯಾವ ಪಾಲಿಷ್?

ಹೋದ ವಾರ ನಡು ಮಧ್ಯಾಹ್ನ, ಸುಡುವ ಬಿಸಿಲಿನಲ್ಲಿ, ನಮ್ಮ ಮನೆಯವರು ಅಂಗಳದಲ್ಲಿ ಕೂತು ಕಾರಿನ ಬಾಗಿಲು ಉಜ್ಜುತ್ತಿದ್ದರು. ಗೀರು ಉಜ್ಜಿ ತೆಗೆಯುವ ರಬ್ಬಿಂಗ್ ಕಾಂಪೌಂಡ್ ಡಬ್ಬಿ ಅರ್ಧ ಖಾಲಿಯಾಗಿತ್ತು. ಗೀರು ಹೋಗಿರಲಿಲ್ಲ. ಬದಲಿಗೆ ಅದರ ಸುತ್ತ ಅಂಗೈಯಗಲ ಮಬ್ಬು ಕಲೆ ಹೊಸದಾಗಿ ಹುಟ್ಟಿಕೊಂಡಿತ್ತು.

ಐವತ್ತರ ಹತ್ತಿರ ಡ್ರೈವಿಂಗ್ ಕಲಿತವಳು ನಾನು. ಕಿರಂಗೂರಿನ ಮನೆಯಿಂದ ಪಾಂಡವಪುರದ ಶಾಲೆಗೆ ಪಾಠ ಮಾಡಲು ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. (ಹಾರ್ನ್ ಸ್ವಲ್ಪ ಜಾಸ್ತಿಯೇ ಹೊಡೆಯುತ್ತೇನೆ.) ಹಿಂದಿನ ದಿನ ಸಂಜೆ ಕಬ್ಬು ತುಂಬಿದ ಟ್ರಾಕ್ಟರು ಎದುರಿಗೆ ಬಂತು. ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ ದಾರಿ ಬಿಟ್ಟೆ. ಹೊರಗೆ ಚಾಚಿಕೊಂಡಿದ್ದ ಜಲ್ಲೆಯೊಂದು ಬಾಗಿಲನ್ನು ಉದ್ದಕ್ಕೂ ಕೆರೆದುಕೊಂಡು ಹೋಯಿತು.

ನಿಂತಿದ್ದ ಕಾರು. ಯಾರು ನಂಬುತ್ತಾರೆ?

ನಮ್ಮವರು ನಂಬಿದರು. ಆದರೆ ಒಂದೇ ಮಾತು ಹೇಳಿದರು. "ಭಾನುವಾರ ಅಣ್ಣ ಬತ್ತಾವ್ರೆ. ಅಷ್ಟ್ರೊಳ್ಗೆ ಇದು ಓಗ್ಬೇಕು."

ಅಣ್ಣ ಎಂದರೆ ನನ್ನ ಭಾವ. ನಾಗಮಂಗಲದಲ್ಲಿದ್ದಾರೆ, ಒಳ್ಳೆಯವರು. ಆದರೆ ನನಗೆ ಲೈಸೆನ್ಸ್ ಬಂದಾಗ ತಮ್ಮನನ್ನು ಕರೆದು, "ಎಂಗಸ್ರ ಕೈಗೆ ಗಾಡಿ ಕೊಟ್ಟು ನೆಮ್ಮದಿ ಕಳ್ಕೋಬ್ಯಾಡ ಕಣ್ಲಾ" ಎಂದಿದ್ದರು.

ಮರುದಿನ ಶ್ರೀರಂಗಪಟ್ಟಣದ ಪಾಲಿಷ್ ಅಂಗಡಿಗೆ ಹೋದೆವು. ಅಂಗಡಿಯವರು ಗೀರಿನ ಮೇಲೆ ಉಗುರು ಆಡಿಸಿದರು. "ಉಗುರಿಗೆ ಸಿಕ್ತಾ ಅದೆ, ಆಳುಕ್ಕೆ ಇಳ್ದದೆ. ಪಾಲಿಷ್‌ಗೆ ಓಗಕಿಲ್ಲ. ಮಬ್ಬಾಗಿರೋದನ್ನ ಮೆತ್ತನೆ ಪ್ಯಾಡಲ್ಲಿ ತೆಗೀಬೋದು. ಗೀರೂ ಓಗ್ಬೇಕು ಅಂತ ಮಿಷಿನ್ನಲ್ಲಿ ಒತ್ತಿ ಉಜ್ಜುದ್ರೆ ಮೇಲಿನ ಪೇಂಟೇ ಸವ್ದೋಯ್ತದೆ. ಇಲ್ಲಾಂದ್ರೆ ಬಾಗ್ಲಿಗೇ ಪೇಂಟ್ ಒಡೀಬೇಕು, ನಾಕು ದಿನ ಗಾಡಿ ಬುಟ್ಟೋಗಿ."

ಭಾನುವಾರಕ್ಕೆ ಉಳಿದಿದ್ದು ಎರಡೇ ದಿನ.

"ಒತ್ತೇ ಉಜ್ಬುಡಿ," ಎಂದರು ನಮ್ಮವರು.

"ಬೇಡ," ಎಂದೆ. "ಮುಚ್ಚಿಡೋಕೆ ನಾನೇನ್ರೀ ತಪ್ಪು ಮಾಡಿದ್ದೀನಿ?"

ಅವರು ನನ್ನನ್ನು ಪಕ್ಕಕ್ಕೆ ಕರೆದರು. ಮೆಲ್ಲಗೆ, "ಅಣ್ಣ ನಿಂಗೇನಾರ ಅಂದ್ರೆ ನಂಗೆ ತಡ್ಕಳಕಾಗಕಿಲ್ಲ," ಎಂದರು.

ಬಿಸಿಲಲ್ಲಿ ಕೂತು ಉಜ್ಜಿದ್ದು ಕಾರಿಗಾಗಿ ಅಲ್ಲ ಎಂದು ನನಗೆ ಹೊಳೆದದ್ದು ಆಗ. ನಮ್ಮ ಮೇಲಿನ ಪ್ರೀತಿಯಿಂದಲೇ ಎಷ್ಟು ಜನ ನಮ್ಮ ಗುರುತುಗಳನ್ನು ಅಳಿಸಲು ಕೂರುತ್ತಾರೆ ಅಲ್ಲವೇ? ಕೋಪ ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ. ಒಪ್ಪಿಕೊಳ್ಳುವುದಕ್ಕೂ ಆಗುವುದಿಲ್ಲ.

ಮೆತ್ತನೆ ಪ್ಯಾಡೇ ಸಾಕು ಎಂದು ಹೇಳಿದೆ. ಮಬ್ಬು ಹೋಯಿತು. ಗೀರು ಉಳಿಯಿತು.

ಭಾನುವಾರ ಭಾವ, ಅಕ್ಕ ಇಬ್ಬರೂ ಬಂದರು. ಅಕ್ಕ ಅವರ ಹೆಂಡತಿ, ಜಾಸ್ತಿ ಮಾತಿನವರಲ್ಲ. ಭಾವನ ಕಣ್ಣು ಮೊದಲು ಹೋಗಿದ್ದೇ ಬಾಗಿಲ ಮೇಲೆ.

"ಯಾರ್ಲಾ ಇದ ಮಾಡಿದ್ದು?"

"ನಾನೇ ಕಣಣ್ಣ," ಎಂದುಬಿಟ್ಟರು ನಮ್ಮವರು.

"ಓಗ್ಲಿ ಬುಡು. ಗಾಡಿ ಅಂದ್ಮೇಲೆ ತಾಗ್ತದೆ."

ನಾನು ಸುಮ್ಮನಿರಬಹುದಿತ್ತು. ಕಾಫಿ ಲೋಟ ಕೆಳಗಿಟ್ಟೆ. "ಅವರಲ್ಲ ಭಾವ. ಗಾಡಿ ನನ್ನ ಕೈಲಿತ್ತು. ಟ್ರಾಕ್ಟರಿಗೆ ದಾರಿ ಬಿಟ್ಟು ನಿಂತಿದ್ದೆ, ಕಬ್ಬು ತಾಗಿತು."

ಭಾವನ ಮುಖ ಬದಲಾಯಿತು. "ಅದುಕ್ಕೇ ನಾನು ಅವತ್ತೇ ಏಳಿದ್ದು..."

"ಈಗ್ತಾನೆ ಗಾಡಿ ಅಂದ್ಮೇಲೆ ತಾಗ್ತದೆ ಅಂದ್ರಲ್ಲ," ಎಂದರು ಅಕ್ಕ. ದನಿ ಏರಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಗಂಜಾಂಗೆ ಓಗಿ ನಿಮಿಷಾಂಬನ್ ಗುಡಿ ನೋಡ್ಕಂಡು ಬರಾನ, ಬಾ. ನೀನೇ ಓಡ್ಸು."

ಹೋದೆವು. ಅಕ್ಕ ಮುಂದಿನ ಸೀಟಿನಲ್ಲಿ. ಭಾವ, ನಮ್ಮವರು ಹಿಂದೆ. ಇಳಿಯುವಾಗ ಭಾವ, "ನಿಧಾನುಕ್ಕೇ ಓಡುಸ್ತೀಯ ಬುಡವ್ವ," ಎಂದರು. ಅವರಿಗೆ ಅದೇ ದೊಡ್ಡ ಮಾತು.

ನನಗೆ ಇನ್ನೂ ಅರ್ಥವಾಗದಿರುವುದು ಇಷ್ಟೇ: ಅದೇ ಬಾಗಿಲು, ಅದೇ ಗೀರು, ಗಂಡಸಿನ ಹೆಸರು ಹೇಳಿದಾಗ ಅದು ಅಷ್ಟು ತೆಳ್ಳಗೆ ಕಂಡಿದ್ದು ಹೇಗೆ?