ಮಾತಿಗೆ ಕಾದದ್ದು

ಸಾರಿಗೆ ಒಗ್ಗರಣೆ ಹಾಕಿದಾಗ ಚೊಂಯ್ ಎನ್ನುವ ಸದ್ದಿದೆಯಲ್ಲ, ಅದನ್ನು ನೀವು ಹಸಿವಿನ ಕಿವಿಯಿಂದ ಕೇಳಿರಬಹುದು; ನಾನು ಮಾತ್ರ ಒಂದಿಡೀ ಮಳೆಗಾಲ ಅದನ್ನು ಭಯದಿಂದ ಕೇಳಿದೆ. ಸೌಟನ್ನು ಪಾತ್ರೆಗೆ ಅದ್ದಿದ ಮರುಗಳಿಗೆಯಲ್ಲೇ ತಿರುಗಿ, ನೆಲದ ಮೇಲೆ ಡಬ್ಬಿಗಳೊಡನೆ ಆಡುತ್ತಿದ್ದ ಮಗಳು ತಲೆಯೆತ್ತಿದಳೇ ಎಂದು ನೋಡುತ್ತಿದ್ದೆ. ಎತ್ತುತ್ತಿದ್ದಳು. ಆದರೂ ಮರುದಿನ ಮತ್ತೆ ಅದೇ ಪರೀಕ್ಷೆ. ಎರಡು ವರ್ಷ ತುಂಬಿದ ಮೇಲೂ ಅವಳ ಬಾಯಿಂದ ಒಂದು ಪದವೂ ಹೊರಟಿರಲಿಲ್ಲ. ಶ್ರಾವ್ಯ ಎಂದು ಆಸೆಯಿಂದ ಹೆಸರಿಟ್ಟವರಿಗೆ ಶ್ರವಣಕ್ಕೆ ಸಿಕ್ಕಿದ್ದು ಬರೀ ಊಂ, ಆಂ.

ಕುಮಟಾ ಬಳಿಯ ಕಾಗಾಲದ ನಮ್ಮ ಮನೆಯಲ್ಲಿ ಹಗಲಿಡೀ ಅತ್ತೆ, ನಾನು, ಮಗಳು. ಭಟ್ಕಳದ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಗಂಡ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. "ಎಂತಕ್ಕೆ ಹೆದರ್ತಿ? ಇವ್ಳ ಅಪ್ಪನೂ ತಡವಾಗೇ ಮಾತಾಡಿದ್ದು," ಎಂದು ಅತ್ತೆ ಧೈರ್ಯ ಹೇಳುತ್ತಿದ್ದರು. ನನ್ನ ಮನಸ್ಸು ಒಪ್ಪಲಿಲ್ಲ. ಕುಮಟಾದ ಮಕ್ಕಳ ಡಾಕ್ಟರ ಬಳಿ ಹೋದೆವು. ಅವರು ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ದೋಷವಿಲ್ಲವೆಂದು ಖಚಿತಮಾಡಿಕೊಂಡು, "ಮನೇಲಿ ಇವಳ ಹತ್ರ ಯಾರು ಮಾತಾಡ್ತಾರೆ?" ಎಂದು ಕೇಳಿದರು.

ಅವಳ ವಿಷಯ ನಾವೆಲ್ಲ ಮಾತಾಡುತ್ತಿದ್ದೆವು. ಅವಳೊಡನೆ ಮಾತಾಡಿದವರು ಕಡಿಮೆ. ನಾನೋ ಹುಟ್ಟಾ ಮಿತಭಾಷಿ. ಟಿ.ವಿ.ಯೊಂದು ದಿನವಿಡೀ ತನ್ನಷ್ಟಕ್ಕೆ ಹರಟುತ್ತಿತ್ತು. ಮಗು ಕೊಡಪಾನದ ಕಡೆ ಕಣ್ಣು ಹಾಯಿಸಿದರೆ ಸಾಕು, ಅತ್ತೆ ನೀರಿನ ಲೋಟ ಹಿಡಿದು ಹಾಜರು. ಹೀಗಿರುವಾಗ ಅವಳಿಗಾದರೂ ಮಾತಿನ ಗರಜೇನು? ನೆರೆಮನೆಯ ಕೊಂಕಣಿ ಕೇಳಿ ಗೊಂದಲವಾಗಿರಬಹುದೇ ಎಂದೂ ವಿಚಾರಿಸಿದೆ. "ಎರಡು ಭಾಷೆಯಿಂದ ಏನೂ ತೊಂದರೆಯಿಲ್ಲ," ಎಂದರು ಡಾಕ್ಟರು. "ಕೆಲಸ ಮಾಡ್ತಾನೇ ಮಾಡಿದ್ದನ್ನ ಹೇಳ್ತಾ ಹೋಗಿ. ಏನಾದ್ರೂ ಕೇಳಿದ ಮೇಲೆ ಸ್ವಲ್ಪ ಸುಮ್ನಿದ್ದು ಅವಳ ಸರದಿಗೆ ಕಾಯಿರಿ. ಎರಡು ತಿಂಗಳು ಬಿಟ್ಟು ಮತ್ತೆ ಕರ್ಕೊಂಡು ಬನ್ನಿ."

ಟಿ.ವಿ. ಆರಿತು, ನನ್ನ ಬಾಯಿ ತೆರೆಯಿತು. "ಇದು ಬದನೆಕಾಯಿ ಮಗಾ, ಇದ್ರ ತೊಟ್ಟು ತೆಗಿತೆ, ಈಗ ಹೋಳು ಮಾಡ್ತೆ." ಮೊದಮೊದಲು ನಾಚಿಕೆ. ಬೇಲಿಯಾಚೆಯ ಶಾಂತಕ್ಕ ಇಣುಕಿ, "ಯಾರ ಹತ್ರ ಮಾತಾಡ್ತಿದ್ದೆ ಮಾರಾಯ್ತಿ?" ಎಂದದ್ದೂ ಉಂಟು. ಆದರೆ ಹೇಳುತ್ತ ಹೇಳುತ್ತ, ಮೂಕವಾಗಿ ಎಷ್ಟೋ ಸಲ ಹೆಚ್ಚಿದ್ದ ಬದನೆಯ ಮೈಬಣ್ಣ ಇಷ್ಟು ಚೆಲುವೆಂದು ನನಗೇ ಆಗ ತಿಳಿಯಿತು. ಮಾತು ಕೇಳುವವರಿಗಷ್ಟೇ ಅಲ್ಲ, ಆಡುವವರಿಗೂ ಕಣ್ಣು ಕೊಡುತ್ತದೆ. ಕಷ್ಟವಾದದ್ದು ಮಾತಲ್ಲ, ಮಾತಿನ ನಂತರದ ಕಾಯುವಿಕೆ. ಅತ್ತೆಯ ಕೈ ಲೋಟದ ಕಡೆ ಚಾಚಿದಾಗ ನಾನು ಮೆಲ್ಲಗೆ ತಡೆದರೆ, "ಬಾಯಾರಿದ ಮಗೂನ ಕಾಯಿಸೂದು ಎಂತ ವಿದ್ಯೆಯೋ!" ಎಂದು ಗೊಣಗುತ್ತಲೇ ಅವರೂ ಕಾಯುತ್ತಿದ್ದರು. ಕೊನೆಗೆ ಇಬ್ಬರೂ "ನೀರು" ಎನ್ನುತ್ತ ಲೋಟ ಕೊಡುತ್ತಿದ್ದೆವು. ಮಗು ಕುಡಿದು, ಸುಮ್ಮನೆ ನಗುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಹೊಳೆಯಿಂದ ತಂದ ಬೆಳಚು ಎಂಬ ಚಿಪ್ಪುಮೀನಿನ ಬುಟ್ಟಿಯನ್ನು ಹಿತ್ತಿಲಲ್ಲಿ ಸುರುವಿ, ಚಿಪ್ಪುಗಳನ್ನು ತೊಳೆಯುತ್ತಿದ್ದರು. ಎದುರಿಗೆ ಕುಕ್ಕರುಗಾಲಲ್ಲಿ ಶ್ರಾವ್ಯ. ರಾಶಿಯ ನಡುವಿನಿಂದ ಪುಟ್ಟ ಏಡಿಯೊಂದು ಎದ್ದು ಅಡ್ಡಡ್ಡ ನಡೆಯಿತು. ಮಗು ಹಿಂದಕ್ಕೆ ಜಿಗಿದು, ಬೆರಳು ಚಾಚಿ ಹೇಳಿತು: "ಎಂತ?"

ಅತ್ತೆಯ ಕೈ ನಿಂತಿತು. "ಈಗ ಯಾರು ಹೇಳಿದ್ದು?"

ಪಕ್ಕದಲ್ಲಿ ನೀರು ಹೊಯ್ಯುತ್ತಿದ್ದ ನಾನು ಕೊಡ ಕೆಳಗಿಟ್ಟೆ. ಉತ್ತರ ಸಿಗದೆ ರೇಗಿ ಮಗು ಇನ್ನೂ ಗಟ್ಟಿಯಾಗಿ ಕೇಳಿತು: "ಎಂತಾ?"

"ಏಡಿ ಮಗಾ, ಏಡಿ!" ಎಂದು ಅತ್ತೆ ಸೊಸೆ ಒಟ್ಟಿಗೇ ಕೂಗಿದ ಅಬ್ಬರಕ್ಕೆ ಆ ಬಡಪ್ರಾಣಿ ಒಗೆಯುವ ಕಲ್ಲಿನ ಸಂದಿಗೆ ಓಡಿತು. ನಾನು ಒದ್ದೆ ನೆಲದ ಮೇಲೇ ಕುಸಿದು ಕುಳಿತು ಅತ್ತುಬಿಟ್ಟೆ, ನಕ್ಕೆ, ಮತ್ತೆ ಅತ್ತುಬಿಟ್ಟೆ.

ಮೊದಲ ಪದ 'ಅಮ್ಮ' ಆಗಲೆಂದು ನಾನೆಷ್ಟು ಹಂಬಲಿಸಿದ್ದೆ! ನಾನು ಅಷ್ಟೆಲ್ಲ ಹೆಸರುಗಳನ್ನು ಬಡಿಸಿದ್ದರೆ, ಅವಳು ಎಲ್ಲವನ್ನೂ ಪಕ್ಕಕ್ಕಿಟ್ಟು, ಹೆಸರುಗಳನ್ನೇ ಕೇಳಿ ಪಡೆಯುವ ಪದವನ್ನು ಎತ್ತಿಕೊಂಡಿದ್ದಳು.

ಆಮೇಲೆ ಕೇಳಬೇಕೇ? ಡಾಕ್ಟರಿಗೆ ತೋರಿಸಲು ಕುಮಟಾಕ್ಕೆ ಹೊರಟ ದಿನ ಬಸ್ಸಿನ ದಾರಿಯುದ್ದಕ್ಕೂ ಎಂತ, ಎಂತ. ಗದ್ದೆಯ ನೀರಿನಲ್ಲಿ ನಿಂತಿದ್ದ ಉದ್ದ ಕಾಲಿನ ಹಕ್ಕಿಯ ಹೆಸರು ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಮಗಾ," ಎಂದೆ. ಅವಳು ಆ ಪದವನ್ನು ಬಾಯಲ್ಲಿ ಹೊರಳಿಸುತ್ತ ಕುಳಿತಳು. ಡಾಕ್ಟರು ಅವಳ 'ಎಂತ'ಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿ, ಸರಿಯಾದ ದಾರಿಯಲ್ಲಿದ್ದಾಳೆ, ಹೀಗೇ ಮುಂದುವರಿಸಿ ಎಂದು ಕಳಿಸಿದರು.

ಸಂಜೆ ಅವಳ ಅಪ್ಪ ಬಂದು, ಚಪ್ಪಲಿ ಬಿಡುತ್ತಲೇ ಅವಳನ್ನೆತ್ತಿಕೊಂಡು, "ಎಲ್ ಹೋಗಿದ್ದೆ ಮಗಾ ಇವತ್ತು?" ಎಂದು ಕೇಳಿ, ಮನೆಯ ಹೊಸ ರೂಢಿಯಂತೆ ಅವಳ ಸರದಿಗೆ ಕಾದರು. ಶ್ರಾವ್ಯ ಅವರ ಮುಖವನ್ನು ಗಂಭೀರವಾಗಿ ನೋಡಿ, ಒಂದೊಂದೇ ಅಕ್ಷರ ಜೋಡಿಸುತ್ತ ಹೇಳಿದಳು: "ಗೊ... ತ್ತಿ... ಲ್ಲ."

ಅತ್ತೆ ಬಾಗಿಲಿಗೊರಗಿ ನಗತೊಡಗಿದರು. "ಆತು! ಅಪ್ಪನ ಹತ್ರ ಮುಚ್ಚಿಡೂದೂ ಕಲಿತ್ಳು."